ಮೂರೂವರೆ ಕಿಲೋ ಕಿತ್ತಳೆ ಹೂವು

“ಹಲೋ... ಯಾರು ಮಾತಾಡೋದು? ಹೂವಿನ ಮಂಡಿನಾ? ಮುನ್ಸಿಫ್ ಸಾಹೇಬ್ರೇನಾ? ನಾನು ನಜೀಹಾ, ನಾಬಲ್ ಹಳೇ ಪೇಟೆಯಿಂದ. ಮೊದ್ಲು ಈ ಲಾರಿ ವಾಪಸ್ ಕರೆಸ್ಕೊಳ್ಳಿ!”

…

“ಯಾವ ಲಾರಿನಾ? ನನ್ನ ಬಾಗಿಲಿಗೆ ಅಡ್ಡ ನಿಂತಿರೋದು! ಊರಿನ ಕಿತ್ತಳೆ ಹೂವೆಲ್ಲ ಹೇರ್ಕೊಂಡು ಬಂದಿದೆ. ನಾನು ಕೇಳಿದ್ದು ಮೂರೂವರೆ ಕಿಲೋ, ಮಾರಾಯ್ರೆ. ಹೂನೀರು ಇಳಿಸೋ ನನ್ನ ಭಟ್ಟಿಪಾತ್ರೆ ಹಿಡಿಯೋದೇ ಅಷ್ಟು.”

…

“ಮೂರು ಸಾವಿರದ ಐನೂರಾ? ನಿಮ್ಮ ಮಂಡಿ ಆ್ಯಪಿನ ಪರದೆ ಮೇಲೆ ನಾನು ಹೊಡೆದ ಹಾಗೇ ಇದೆಯಲ್ಲ! ಮೂರು, ಕಾಮಾ, ಐದು, ಸೊನ್ನೆ, ಸೊನ್ನೆ. ದೀನಾರ್ ಬರೆದೂ ಬರೆದೂ ಕಾಮಾ ಮುಂದೆ ಮೂರಂಕಿ ಇಡದಿದ್ರೆ ಕೈ ಕೇಳುತ್ತಾ? ನಮ್ಮಲ್ಲಿ ಕಾಮಾ ಆದ್ಮೇಲಿನದು ಬರೀ ಭಿನ್ನ ತಾನೆ, ನೀವೂ ಮೂರೂವರೆನ ಹಾಗೇ ಅಲ್ವಾ ಬರೆಯೋದು?”

…

“ಭಾಷೆನಾ? ಇರಿ... ಅಯ್ಯೋ, ಎಲ್ಲಾ ಇಂಗ್ಲಿಷ್! ಫ್ರೆಂಚ್ ಎಲ್ಲಿ ಹೋಯ್ತು? ಶೀರಾಝ್ ಕೆಲಸ ಇದು! ತಂಗಿ ಮಗಳು, ದುಬೈಯಿಂದ ಬಂದವಳು. ‘ಖಾಲ್ತೀ, ದೊಡ್ಡಮ್ಮಾ... ನಿಮ್ಮ ಸೆಟ್ಟಿಂಗ್ ಎಲ್ಲಾ ಅಜ್ಜಿ ಕಾಲದ್ದೂ...’ ಅಂತ ಮೂಗಲ್ಲಿ ರಾಗ ಎಳೀತಾ ಏನೋ ಒತ್ತಿದ್ಲು. ಹಾಂ? ಇಂಗ್ಲಿಷಿನವರಿಗೆ ಕಾಮಾ ಅಂದ್ರೆ ಸಾವಿರಾನಾ?”

…

“ನೀವಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ? ಏನು? ಕಾರ್ಖಾನೆ ಹಾಕಿದಾಳೆ, ಮಬ್ರೂಕ್, ಶುಭವಾಗ್ಲಿ ಅಂದ್ಕೊಂಡ್ರಾ? ಅಡುಗೆಮನೇಲಾ?”

…

“ನಗಬೇಡಿ. ಐದೂರಿನ ಹೆಂಗಸರು ಬೆಳಗಿನ ಜಾವದಿಂದ ಏಣಿ ಮೇಲೆ ನಿಂತು ಬಿಡಿಸಿದ್ದು. ಮಧ್ಯಾಹ್ನಕ್ಕೆ ಕಪ್ಪಾಗಿಬಿಡುತ್ತೆ. ಅವ್ರಿಗೆ ನಾನು ಹೇಗೆ ಮುಖ ತೋರಿಸ್ಲಿ? ... ಅತ್ತರಿನ ಕಾರ್ಖಾನೆ ತಗೊಳುತ್ತಾ? ಹನ್ನೊಂದರೊಳಗೆ ತಲುಪಿದ್ರೆ ಮಾತ್ರನಾ? ಈಗ್ಲೇ ಹತ್ತೂವರೆ!”

ನಜೀಹಾ ಕಿಟಕಿಯಿಂದ ಇಣುಕಿದಳು. ಚಾಲಕ ಸ್ಟೀರಿಂಗಿನ ಮೇಲೆ ಗಲ್ಲವೂರಿ ಫೋನನ್ನೇ ನೋಡುತ್ತಿದ್ದ.

“ಅವನು ಕದಲ್ತಿಲ್ಲ. ಫೋನಿನಲ್ಲಿ ಅಂಕಿ ಬದಲಾಗೋ ತನಕ ಲಾರಿ ತಿರುಗಿಸಲ್ವಂತೆ. ನೀವೇ ಬದಲಾಯಿಸಿ... ಏನು, ಗಿರಾಕಿನೇ ಮಾಡ್ಬೇಕಾ?”

…

“ಸರಿ, ಹೊಡೀತಿದೀನಿ. ಈ ಸಲ ಸೊನ್ನೆಗಳ ಸಹವಾಸವೇ ಬೇಡ. ಮೂರು, ಕಾಮಾ, ಐದು. ಒತ್ತಿದೆ. ಏನು ಬಂತು? ... ಮೂವತ್ತೈದಾ? ಕಾಮಾನೇ ನುಂಗಿಬಿಡ್ತಾ?”

…

“ಕಾಮಾ ಬದಲು ಚುಕ್ಕಿ ಇಡ್ಬೇಕಿತ್ತಾ? ಈಗ ಹೇಳ್ತೀರಾ! ಬೇಡ, ಮೂವತ್ತೈದೇ ಇರ್ಲಿ, ಓಣಿಗೆಲ್ಲ ಹಂಚ್ತೀನಿ. ಏಯ್ ತಮ್ಮಾ! ಫೋನ್ ನೋಡು! ಬಂತಾ? ಹೊರಡು, ಹೊರಡು!”

ಲಾರಿ ಎರಡೂ ಕಡೆಯ ಗೋಡೆ ಸವರುತ್ತಾ ಹಿಂದೆ ಹಿಂದೆ ಸರಿದು ಓಣಿಯ ತಿರುವಿನಲ್ಲಿ ಮರೆಯಾಯಿತು.

“ಹೋಯ್ತು! ಅಲ್‌ಹಮ್ದುಲಿಲ್ಲಾ! ಹತ್ತೂ ಮುಕ್ಕಾಲು. ತಲುಪುತ್ತೆ ಅಲ್ವಾ? ತಲುಪುತ್ತೆ ತಾನೆ? ... ಹಾಂ? ನನ್ನ ಮೂವತ್ತೈದು ಕಿಲೋನಾ?”

ಅವಳು ಹೊಸ್ತಿಲಿನತ್ತ ತಿರುಗಿದಳು. ಒಂದು ಚೀಲವೂ ಇರಲಿಲ್ಲ. ಒಳಗೆ, ಹುಣಸೆಹಣ್ಣು ಹಾಕಿ ಉಜ್ಜಿದಂತೆ ಹೊಳೆಯುವ ತಾಮ್ರದ ಭಟ್ಟಿ ಬಾಯಿ ತೆರೆದು ಕೂತಿತ್ತು.

“ಮುನ್ಸಿಫ್ ಸಾಹೇಬ್ರೇ... ಒಂದು ಎಸಳೂ ಇಳಿಸಿಲ್ಲ ಅವನು! ಈಗ್ಲೇ ಫೋನ್ ಮಾಡಿ ಅವನಿಗೆ... ಬೇಡ! ತಡೀರಿ, ಮಾಡ್ಬೇಡಿ! ತಿರುಗಿ ಬಂದ್ರೆ ಅಲ್ಲಿ ಕಾರ್ಖಾನೆ ಗೇಟು ಮುಚ್ಚಿರುತ್ತೆ. ಹೋಗ್ಲಿ, ನನ್ನದು ನಾಳೆಗಾಯ್ತು. ಆ ಪರದೆ ಮುಟ್ಟೋಳಲ್ಲ ನಾನು. ಬಾಯಲ್ಲೇ ಹೇಳ್ತೀನಿ, ಸರಿಯಾಗಿ ಕೇಳಿಸ್ಕೊಂಡು ಬರ್ಕೊಳ್ಳಿ. ಮೂರೂ...”

ಸಂಪರ್ಕ ಕಡಿಯಿತು.