ಜೋಡಿ ರೆಕ್ಕೆ, ಹನ್ನೊಂದು ಕವಣೆ

ಸಭೆಯ ಅಧ್ಯಕ್ಷರೂ ಬೀಜ ಬೆಳೆಗಾರರ ಒಕ್ಕೂಟದ ಮುಖಂಡರೂ ಆದ ತಂಬ್ರಹಳ್ಳಿಯ ಗುರುಬಸವರಾಜ ಅವರೇ, ವೇದಿಕೆಯ ಮೇಲಿರುವ ಅಧಿಕಾರಿಗಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದ ಬೆಳೆಗಾರರೇ, ಮತ್ತು ಕುರ್ಚಿ ಸಿಗದೆ ಹಿಂದೆ ಜಮಖಾನದ ಮೇಲೆ ಕುಳಿತಿರುವ ಸಭಿಕರೇ,

ಮೈಕು ನನಗೆ ಹೊಸದಲ್ಲ. ಕೂಲಿಕಾರರ ಸಂಘದ ಕಾರ್ಯದರ್ಶಿಯಾಗಿ ಇಪ್ಪತ್ತಾರು ವರ್ಷ ಇದೇ ಕೊಟ್ಟೂರಿನ ಬೀದಿಗಳಲ್ಲಿ ಗಂಟಲು ಹರಿದುಕೊಂಡವನು ನಾನು. ಹೊಸದು ಈ ಶಾಲು. ನನ್ನ ಹೆಗಲ ಮೇಲೆ ಇದುವರೆಗೆ ಬಿದ್ದದ್ದು ಟವೆಲ್ಲು, ಬಾವುಟದ ಕೋಲು, ಹರಪನಹಳ್ಳಿಯಲ್ಲಿ ಒಮ್ಮೆ ಪೊಲೀಸರ ಲಾಠಿ. ಇದನ್ನು ಹೊದಿಸಿದಾಗ ಸೆಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಯಿತು.

ಈಗಷ್ಟೇ ನಿರೂಪಕರು ಘೋಷಿಸಿದರು. ನಾನು ಮಾಡಿದ ಐದು ವಿದ್ಯುತ್ ವಿಮಾನಗಳು ಸೋಮವಾರದಿಂದ ಐದು ತಾಲ್ಲೂಕಿನ ಸೂರ್ಯಕಾಂತಿ ಬೀಜದ ಹೊಲಗಳ ಮೇಲೆ ಹಾರಿ ಗಿಳಿಗಳನ್ನು ಓಡಿಸುತ್ತವೆ, ಹಕ್ಕಿ ಕಾಯಲು ಇನ್ನು ಹೆಣ್ಣಾಳು ಬೇಕಿಲ್ಲ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಐದೂ ವಿಮಾನ ಇಲ್ಲೇ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ಒಪ್ಪಿಸುವ ಕಾಗದ ಮೇಜಿನ ಮೇಲಿದೆ, ನನ್ನ ಸಹಿಯೊಂದು ಬಾಕಿ. ಸಹಿಗೆ ಮೊದಲು ಎರಡು ಮಾತು ಹೇಳುತ್ತೇನೆ. ಭಾಷಣಕಾರರ ಎರಡು ಮಾತು ಎಂದರೆ ಎಷ್ಟು ಎಂಬುದು ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ.

ನನ್ನ ಹೊಟ್ಟೆಪಾಡು ಮೋಟಾರ್ ವೈಂಡಿಂಗು. ಸುಟ್ಟ ಬೋರ್‌ವೆಲ್ ಮೋಟಾರಿನ ಹಳೇ ತಂತಿ ಕಿತ್ತು ಹೊಸ ತಾಮ್ರ ಸುತ್ತುವವನು. ಸಂಘದ ಕಚೇರಿಯೂ ಅದೇ ಅಂಗಡಿ. ಹೋದ ವರ್ಷ ಒಂದು ಸಂಜೆ ತಂಬ್ರಹಳ್ಳಿಯ ಭರಮಮ್ಮ ಬಂದಳು. ಸಂಘ ಕಟ್ಟಿದ ದಿನದಿಂದ ನನ್ನ ಜೊತೆಗಿರುವವಳು, ಗುರುಬಸವರಾಜರ ಹೊಲದಲ್ಲಿ ಹಕ್ಕಿ ಕಾಯುವ ಹನ್ನೊಂದು ಹೆಂಗಸರಲ್ಲಿ ಹಿರಿಯಳು. ಬೆಳಕು ಹರಿದಾಗ ಕವಣೆ ಹಿಡಿದರೆ ಇಳಿಸುವುದು ಹೊತ್ತು ಮುಳುಗಿದ ಮೇಲೆ. "ಓಬಣ್ಣ, ತೋಳು ಎತ್ತಾಕ ಬರವಲ್ದು. ತಲಿ ಬಾಚಿಕ್ಯಳ್ಳಾಕೂ ಸೊಸಿನ್ನ ಕರೀಬೇಕಾಗೈತಿ" ಎಂದಳು.

ಭರಮಮ್ಮ ನೆರಳಲ್ಲಿ ಕುಳಿತು ರಿಮೋಟ್ ಒತ್ತಬೇಕು, ಗಿಳಿ ಓಡಬೇಕು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಜೋಡಿ ರೆಕ್ಕೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಒಂದರ ಮೇಲೊಂದು ರೆಕ್ಕೆಯಿದ್ದರೆ ವಿಮಾನ ನಿಧಾನ ಹೋದರೂ ಬೀಳುವುದಿಲ್ಲ, ಸಣ್ಣ ಹೊಲದಲ್ಲೇ ತಿರುಗುತ್ತದೆ. ಥರ್ಮಾಕೋಲ್ ಹಾಳೆ ಕತ್ತರಿಸಿ ಬಿದಿರಿನ ಸೀಳು ಅಂಟಿಸಿದೆ, ರೆಕ್ಕೆಗಳ ನಡುವೆ ಸೈಕಲ್ಲಿನ ಕಡ್ಡಿ ನಿಲ್ಲಿಸಿದೆ. ಪೇಟೆಯಿಂದ ತರಿಸಿದ ಹೆಬ್ಬೆರಳ ಗಾತ್ರದ ಮೋಟಾರಿಗೆ ಬರೀ ಓಡುವ ಚಾಳಿ, ಎಳೆಯುವ ತಾಕತ್ತಿಲ್ಲ. ಅದರೊಳಗಿನ ಹನ್ನೆರಡು ಕಬ್ಬಿಣದ ಹಲ್ಲುಗಳಿಗೆ ಸುತ್ತಿದ್ದ ತಂತಿ ಬಿಚ್ಚಿ, ಸಣ್ಣ ತಂತಿಯಲ್ಲಿ ಹೆಚ್ಚು ಸುತ್ತು ಹಾಕಿ, ದೊಡ್ಡ ಪಂಕ ಕೂರಿಸಿದೆ. ಹತ್ತು ಎಚ್.ಪಿ. ಮೋಟಾರು ಸುತ್ತಿದ ಕೈ ಇದು. ಕನ್ನಡಕದ ಮೇಲೆ ಕನ್ನಡಕ ಇಟ್ಟುಕೊಂಡು ಸುತ್ತಿದೆ. ಹೆಂಡತಿ ರೇಣುಕಾ ಬಾಗಿಲಲ್ಲಿ ನಿಂತು ನೋಡಿದಳು. "ಇಪ್ಪತ್ತಾರು ವರ್ಷ ಬಾವುಟ ಹಾರಿಸಿದ್ರಿ, ಈಗ ಥರ್ಮಾಕೋಲ್ ಹಾರಸಾಕ ಹತ್ತೀರಿ. ಮನಿ ಮ್ಯಾಲಿನ ಸಿಂಟೆಕ್ಸ್ ಸೋರಾಕ ಹತ್ತೈತಿ, ಅದನ್ನ ಯಾವಾಗ ನೋಡ್ತೀರಿ?"

ಬತ್ತಿದ ಕೆರೆಯಂಗಳದಲ್ಲಿ ಮೊದಲ ಸಲ ಬಿಟ್ಟಾಗ ಮೂತಿ ಮೇಲೆತ್ತಿ ಗಾಳಿಯಲ್ಲಿ ನಿಂತು, ಹಿಮ್ಮುಖವಾಗಿ ಜಾಲಿಯೊಳಗೆ ಬಿತ್ತು. ಬ್ಯಾಟರಿಯನ್ನು ಹಿಂದೆ ಇಟ್ಟದ್ದು ತಪ್ಪು. ಎರಡು ಬೆರಳಷ್ಟು ಮುಂದೆ ಸರಿಸಿದೆ, ಹಾರಿತು. ಆ ದಿನ ನಾನು ಕುಣಿದೆ. ಯಾವ ಹೋರಾಟ ಗೆದ್ದಾಗಲೂ ಹಾಗೆ ಕುಣಿದಿರಲಿಲ್ಲ. ನಿಜ ಹೇಳಬೇಕೆಂದರೆ, ಗೆದ್ದದ್ದೇ ಕಡಿಮೆ. ಧರಣಿ ಕೂರುವುದು, ಮನವಿ ಕೊಡುವುದು, ಸಾಹೇಬರು "ನೋಡೋಣ" ಎನ್ನುವುದು, ಮತ್ತೆ ಧರಣಿ ಕೂರುವುದು. ಮನುಷ್ಯನಿಗೆ ದಣಿವಾಗುತ್ತದೆ, ಮಿತ್ರರೇ. ಒಂದು ಕೆಲಸವಾದರೂ ನನ್ನ ಕಣ್ಣೆದುರಿಗೇ ಮೇಲೇಳಲಿ ಎಂಬ ಆಸೆ ಹುಟ್ಟುತ್ತದೆ.

ಪ್ರಯೋಗ ನಡೆದದ್ದು ಗುರುಬಸವರಾಜರ ಹೊಲದಲ್ಲಿ, ಹೋದ ಹಂಗಾಮಿನ ಕೊಯ್ಲಿಗೆ ನಾಲ್ಕು ದಿನ ಮೊದಲು. ಈ ಕಡೆ ಶಾಮಿಯಾನ, ಅಧಿಕಾರಿಗಳು, ಕಿವಿ ಕಿತ್ತುಹೋಗುವಂಥ ಸೌಂಡ್ ಬಾಕ್ಸು. ಆಳೆತ್ತರದ ಬೆಳೆಯ ಆ ಕಡೆಯ ಬದುವಿನ ಮೇಲೆ ಹನ್ನೊಂದು ಹೆಂಗಸರು. ಅಡ್ಡ ಬರಬೇಡಿ ಎಂದು ಅವರನ್ನು ಅಲ್ಲಿ ಕೂರಿಸಿದ್ದರು. ನಾನು ವಿಮಾನ ಬಿಟ್ಟೆ. ಗಿಳಿವಿಂಡು ಎದ್ದಿತು, ಒಂದು ಸುತ್ತು ಹಾಕಿತು, ಮತ್ತೆ ತೆನೆಗಳ ಮೇಲೆ ಕುಳಿತಿತು. ವಿಮಾನ ತಿರುಗಿಸಿ ಇನ್ನೊಂದು ಸುತ್ತು ತಂದೆ. ಆಗ ಇಡೀ ವಿಂಡು ಹಸಿರು ಬಟ್ಟೆ ಒದರಿದಂತೆ ಎದ್ದು ಹೊರಟೇಹೋಯಿತು. ಶಾಮಿಯಾನದಲ್ಲಿ ಸಿಳ್ಳೆ. ಅಧ್ಯಕ್ಷರು ಓಡಿ ಬಂದು ತಬ್ಬಿಕೊಂಡರು. "ಭೇಷ್ ಓಬಣ್ಣ! ಇನ್ನ ಹಕ್ಕಿ ಕಾಯಾಕ ಹೆಣ್ಣಾಳು ಯಾಕ್ರಿ?" ಪ್ರಯೋಗ ಯಶಸ್ವಿ ಎಂದು ಅಧಿಕಾರಿಗಳು ವರದಿ ಬರೆದರು. ಕೆಳಗೆ ನಾನೂ ಸಹಿ ಹಾಕಿದೆ.

ವಿಮಾನ ಹಾರಿಸುವವನು ಕಣ್ಣು ಕೆಳಗಿಳಿಸುವಂತಿಲ್ಲ. ಆದ್ದರಿಂದ ನಾನು ಏನೂ ನೋಡಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಕಣ್ಣು ಮೇಲಿತ್ತು, ಒಪ್ಪಿದೆ. ಕಿವಿ ಎಲ್ಲಿತ್ತು? ಹಕ್ಕಿ ಕಾಯುವವರ ನಡುವೆ ಹುಟ್ಟಿ ಬೆಳೆದವನಿಗೆ ಕವಣೆಯ 'ಛಟ್' ಸದ್ದು ಗೊತ್ತಾಗುವುದಿಲ್ಲವೇ? ಆ ಸೌಂಡ್ ಬಾಕ್ಸಿನ ನಡುವೆಯೂ ಕೇಳಿಸಿತು. ಹನ್ನೊಂದು ಕವಣೆ, ಒಟ್ಟಿಗೆ. ದಿನವೂ ಹೋ ಎಂದು ಕೂಗಿ ಕಲ್ಲು ಬೀಸುವವರು ಅಂದು ಒಬ್ಬರೂ ಬಾಯಿ ಬಿಡಲಿಲ್ಲ.

ಮರುದಿನ ಭರಮಮ್ಮ ನಗುತ್ತಾ ಹೇಳಿದಳು: "ಮಂದ್ಯಾಗ ನಮ್ಮ ಓಬಣ್ಣನ ಮಾನ ಹೋಗಬಾರದಲ್ಲ. ಅದಕ್ಕ ಸುಮ್ಮಗ ಬೀಸಿದ್ವಿ." ನಾನೂ ನಕ್ಕೆ. ಸತ್ಯ ಹೇಳಲು ಆಗ ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಆ ವೇಳೆಗೆ ಪತ್ರಿಕೆಯಲ್ಲಿ ನನ್ನ ಫೋಟೊ ಬಂದಿತ್ತು.

ಈ ಹಂಗಾಮಿನಲ್ಲಿ ತೆನೆ ಹಾಲು ತುಂಬಿದರೂ ಹೆಂಗಸರನ್ನು ಯಾರೂ ಕರೆಯಲಿಲ್ಲ. ಹನ್ನೊಂದು ಜನ ಸಂಘಕ್ಕೆ ದೂರು ತಂದರು. ಸಂಘ ಯಾರು? ನಾನು. ದೂರು ಯಾರ ಮೇಲೆ? ನನ್ನ ಮೇಲೆ. ನಾನೇನು ಹೇಳಿದೆ ಗೊತ್ತೇ, ಸಭಿಕರೇ? "ನೋಡೋಣ" ಎಂದೆ. ಇಪ್ಪತ್ತಾರು ವರ್ಷ ಕಚೇರಿ ಕಚೇರಿಗಳಲ್ಲಿ ಕೇಳಿ ಕುದಿದ ಮಾತು ನನ್ನ ಬಾಯಿಂದಲೇ ಬಂತು. ಅವರು ಹೋದ ಮೇಲೆ ಅದೇ ಮೇಜಿನ ಮೇಲೆ ಉಳಿದ ನಾಲ್ಕು ವಿಮಾನಗಳ ಮೋಟಾರು ಸುತ್ತಿದೆ.

ನಿನ್ನೆ ಕೊನೆಗೂ ಒಂದು ಮನವಿ ಬರೆದೆ. ಹೆಂಗಸರನ್ನು ಕೆಲಸಕ್ಕೆ ವಾಪಸು ಕರೆಯಬೇಕು, ಒಬ್ಬೊಬ್ಬರಿಗೆ ಅರ್ಧ ದಿನದ ಪಾಳಿ ಕೊಡಬೇಕು, ನೆರಳು ಹಾಕಿಸಬೇಕು ಎಂದು. ಭರಮಮ್ಮನ ಸಹಿಗೆ ಒಯ್ದೆ. ಅವಳು ಪೆನ್ನು ಮುಟ್ಟಲಿಲ್ಲ. "ಇದರಾಗ ಗಿಳಿ ಎಬ್ಬಿಸಿದ್ದು ಯಾರಂತ ಬರದೇ ಇಲ್ಲಲ್ಲ. ಸುಳ್ಳಿಗೆ ಕಲ್ಲು ಬೀಸಿದ್ದು ನಮ್ಮ ತಪ್ಪು, ಆತು. ಅದರ ಮ್ಯಾಲೆ ಶಾಲು ಹೊಚ್ಚಿಕ್ಯಳ್ಳದು ನಿಂದು. ನೀ ಮೊದ್ಲು ಮಂದ್ಯಾಗ ಹೇಳು. ಆಮ್ಯಾಲೆ ಸೈನು."

ಹೇಳುತ್ತಿದ್ದೇನೆ. ಗಿಳಿಗಳನ್ನು ಎಬ್ಬಿಸಿದ್ದು ನನ್ನ ವಿಮಾನವಲ್ಲ, ಹನ್ನೊಂದು ಹೆಂಗಸರ ಕವಣೆ. ವರದಿ ಸುಳ್ಳು, ನನ್ನ ಸಹಿ ಸುಳ್ಳು. ಒಂದು ಬ್ಯಾಟರಿ ಒಂಬತ್ತು ನಿಮಿಷ ಹಾರಿಸುತ್ತದೆ, ಭರಮಮ್ಮ ಹನ್ನೊಂದು ತಾಸು ನಿಲ್ಲುತ್ತಾಳೆ. ಅಧ್ಯಕ್ಷರೇ, ನೀವು ವಾಚು ನೋಡಿಕೊಳ್ಳುತ್ತಿದ್ದೀರಿ, ಸರಿ. ನಾಳೆ ಮುಂಜಾನೆಯಿಂದ ಹೊಲಕ್ಕೆ ಹೆಂಗಸರನ್ನು ಕರೆಯಿರಿ. ಐದು ಪೆಟ್ಟಿಗೆಗಳನ್ನು ನಾನು ವಾಪಸು ಒಯ್ಯುತ್ತೇನೆ, ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ಶಾಲು ಇಲ್ಲೇ ಮಡಚಿಟ್ಟಿದ್ದೇನೆ.

ಭರಮಮ್ಮ, ಜಮಖಾನದ ಕೊನೆಯಲ್ಲಿ ನೀನು ಕುಳಿತಿರುವುದು ನನಗೆ ಕಾಣುತ್ತಿದೆ. ಗಿಳಿ ಎಬ್ಬಿಸಿದ್ದು ಯಾರೆಂದು ಮನವಿಯಲ್ಲಿ ಹೊಸ ಸಾಲು ಸೇರಿಸಿದ್ದೇನೆ, ನಿನ್ನ ಹೆಸರು ಮೊದಲು ಬರೆದಿದ್ದೇನೆ. ಇನ್ನೂ ನನ್ನನ್ನು ನಂಬಬೇಕೋ ಬೇಡವೋ, ನೀನೇ ತೀರ್ಮಾನಿಸು. ಕಾಗದ ಹಿಡಿದು ನಾನೇ ಕೆಳಗೆ ಬರುತ್ತೇನೆ.

ಇಷ್ಟು ಹೊತ್ತು ಮೈಕು ಆರಿಸದ ಸಂಘಟಕರಿಗೆ, ಎದ್ದು ಹೋಗದೆ ಕೇಳಿದ ನಿಮಗೆ ಋಣಿ. ಮೊದಲು ಹಿಂದಿನ ಸಾಲಿಗೆ, ಆಮೇಲೆ ವೇದಿಕೆಗೆ, ನಮಸ್ಕಾರ.