ಗುಂಡಿಗೆ ಬೆಚ್ಚದ ನಾಯಿ

ದೆಹಲಿಯ ಮಯೂರ್ ವಿಹಾರದ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ವೈಜಯಂತಿಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿ ಕಿವಿ ನಿಮಿರಿತು. ಅಪ್ಪ, ಮಗಳು, ಅವರ ಕಾಲ ಬಳಿ ಒಂದು ಕಪ್ಪು ಲ್ಯಾಬ್ರಡಾರ್.

"ಬೇಟೆನಾಯಿಗಳ ಸ್ಪರ್ಧೆಯಲ್ಲಿ ಗುಂಡು ಹಾರಿದಾಗ ಉಳಿದ ನಾಯಿಗಳೆಲ್ಲ ಎದ್ದುಬಿಟ್ಟವು. ಇವನು ಕದಲಲಿಲ್ಲ ನೋಡು. ಜಡ್ಜ್ ಎಷ್ಟು ಹೊಗಳಿದ್ರು!"

"ಆಮೇಲೆ ಹೊರಗೆ ಹಾಕಿದ್ದೂ ಅವರೇ ಅಲ್ವಾ ಅಪ್ಪ?"

"ಹಾಕದೆ ಇನ್ನೇನು ಹಂಸಿನಿ? ದೂರ ಎಸೆದಿದ್ದ ಬಟ್ಟೆಯ ಗೊಂಬೆ ಹಕ್ಕಿ ತಗೊಂಡು ಬಾ ಅಂತ ಕೈ ತೋರಿಸಿದೆ, ಓಡಿದ. ದಿಕ್ಕು ತಪ್ಪಿದಾಗ ಸೀಟಿ ಊದಿದೆ. ಸೀಟಿಗೆ ನಿಂತು ನನ್ನ ಕಡೆ ನೋಡಬೇಕಿತ್ತು. ತಿರುಗಲೇ ಇಲ್ಲ."

"ಕಿವಿ ಹೋಗಿದೆ ಅಂತ ಡಾಕ್ಟರ್ ಹೇಳೋವರೆಗೂ ನಮಗೆ ಹೊಳೀಲಿಲ್ಲ."

"ನಾನು ಅದನ್ನ ಶಿಸ್ತು ಅಂದ್ಕೊಂಡೆ."

ಅಪ್ಪ ನಾಯಿಯ ಕಡೆ ಬಾಗಿದರು.

"ಅವತ್ತು ವಾಪಸ್ ಬರ್ತಾ ಕಾರಲ್ಲಿ ದಾರಿಯುದ್ದಕ್ಕೂ ಇವನನ್ನ ಬೈದೆ ಕಣಮ್ಮ."

"ಅದೂ ಇವನಿಗೆ ಕೇಳಿಸಿಲ್ಲ, ಬಿಡಿ ಅಪ್ಪ."

ಒಳಗಿನಿಂದ ಕರೆ ಬಂತು. "ಚಲೋ ಬೇಟಾ," ಎಂದು ನಾಯಿಗೆ ಹೇಳಿದ ಅಪ್ಪ, ತಟ್ಟನೆ ನೆನಪಾಗಿ ಕೈಯೆತ್ತಿದರು. ಅಷ್ಟು ಹೊತ್ತೂ ಆ ಕೈಯನ್ನೇ ನೋಡುತ್ತಿದ್ದ ನಾಯಿ ಕೂಡಲೇ ಎದ್ದು ಅವರ ಹಿಂದೆ ನಡೆಯಿತು.