ಡಾಕ್ಟರಿಗೆ ಮಾತ್ರ ಬಾಡಿಗೆಗೆ

ಅಯ್ಯಯ್ಯೋ, ಆ ಸ್ವಿಚ್ ಮುಟ್ಬೇಡಿ ಡಾಕ್ಟ್ರೇ! ಅದು ಫ್ಯಾನಿಂದಲ್ಲ. ಅದನ್ನ ಒತ್ತಿದ್ರೆ ಕೆಳಗೆ ನಮ್ಮ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ದೀಪ ಆರಿಹೋಗುತ್ತೆ, ನನ್ನ ಹೆಂಡತಿ ಅಲ್ಲಿಂದ್ಲೇ ಬಾಯಿ ಮಾಡ್ತಾಳೆ. ಫ್ಯಾನಿಂದು ಬಾಗಿಲ ಹಿಂದೆ... ಹಾಂ, ಅದೇ. ಯಾಕೆ ಹಿಂಗೆ ಅಂತೀರಾ? ವೈರಿಂಗ್ ಮಾಡಿದವನು ನನ್ನ ತಮ್ಮನ ಪೇಷಂಟು. ಬೆನ್ನುನೋವಿನವನು. ಎಲ್ಲೆಲ್ಲಿ ಬಗ್ಗದೆ ಕೈ ಎಟುಕ್ತೋ ಅಲ್ಲೆಲ್ಲಾ ಒಂದೊಂದು ಸ್ವಿಚ್ ಹಾಕಿ ಹೋದ.

ಒಂದು ನಿಮಿಷ... ಕೂತ್ಕೋತೀನಿ. ಮೆಟ್ಟಿಲು ಸ್ವಲ್ಪ ಕಡಿದು ನಮ್ದು. ಇಲ್ಲ ಇಲ್ಲ, ನೀರು ಬೇಡ. ನೀವು ಓಡಾಡಿ, ನೋಡಿ. ನಾನು ಕೂತಲ್ಲಿಂದ್ಲೇ ತೋರಿಸ್ತೀನಿ. ಪಕ್ಕದ ಸೀಟಲ್ಲಿ ಕೂತ್ಕೊಂಡೇ ಜನಕ್ಕೆ ಊರೆಲ್ಲಾ ತೋರಿಸಿದವನು ನಾನು, ಅಭ್ಯಾಸ ಇದೆ.

ಅದು ಪೇಷಂಟ್ ಮಂಚ. ಅದು ಕೈ ತೊಳೆಯೋದಕ್ಕೆ. ಪರದೆ ಹಳೇದು, ಬದಲಾಯಿಸಿಕೊಡ್ತೀನಿ. ಏನು? ಹೌದು, ಬೋರ್ಡಲ್ಲಿ ಹಾಗೇ ಬರೆಸಿದೀನಿ. ‘ಡಾಕ್ಟರಿಗೆ ಮಾತ್ರ.’ ಬೇರೆಯವರಿಗೆ ಕೊಡಲ್ಲ. ಜೆರಾಕ್ಸ್ ಅಂಗಡಿಯವನು ಬಂದ, ಕೊಡ್ಲಿಲ್ಲ. ಟೈಲರ್ ಬಂದ, ಕೊಡ್ಲಿಲ್ಲ. ಮೂರು ವರ್ಷದಿಂದ ಖಾಲಿ ಬಿದ್ದಿದೆ. ನನ್ನ ಹೆಂಡತಿಗೆ ತಲೆ ಕೆಟ್ಟುಹೋಗಿದೆ. ಇವತ್ತು ಸಂಜೆ ಯಾವನೋ ಜಿಮ್ ಇಡೋನಿಗೆ ಬರಹೇಳಿದಾಳೆ. ನೀವೂ ಬೇಡ ಅಂದ್ರೆ ಬೀಗದಕೈ ಅವನಿಗೆ. ‘ನಿಮ್ಮ ತಮ್ಮನ ನೆನಪಿಗೆ ರೂಮು, ನನ್ನ ನೆನಪಿಗೆ ಏನಿದೆ ಈ ಮನೇಲಿ?’ ಅಂತಾಳೆ. ಇನ್ನೂ ಬದುಕಿದಾಳೆ, ಆದ್ರೂ ಕೇಳ್ತಾಳೆ.

ಡಾಕ್ಟರುಗಳೇನೂ ಬರ್ಲಿಲ್ಲ ಅಂತಲ್ಲ. ಬಂದ್ರು. ಮೊದಲು ಒಬ್ಬ ಹಲ್ಲಿನವನು ಬಂದ. ಹಲ್ಲಿನವನೂ ಡಾಕ್ಟರೇ, ನಾನೇನೂ ಅನ್ನಲ್ಲ. ಗೋಡೆಗೆ ತೂತು ಹೊಡೀಬೇಕು ಅಂದ, ಹೋದ. ಆಮೇಲೆ ಚರ್ಮದ ಡಾಕ್ಟ್ರು. ಸುಣ್ಣ ಉದುರ್ತಿದೆ ಅಂತ ಗೋಡೆ ಕಡೆಗೇ ನೋಡಿ ಮುಖ ಸಿಂಡರಿಸ್ದ. ಇನ್ನೊಬ್ಬರು ದನದ ಡಾಕ್ಟ್ರು. ಬಹಳ ಒಳ್ಳೇ ಮನುಷ್ಯ. ‘ಸ್ವಾಮಿ, ಮೆಟ್ಟಿಲು ಹತ್ತಿಸೋದು ಹೆಂಗೆ?’ ಅಂತ ನಾನೇ ಕೇಳ್ದೆ. ಪಾಪ, ಅಷ್ಟೊತ್ತನಕ ಅವರು ಅದನ್ನ ಯೋಚನೆ ಮಾಡಿರ್ಲಿಲ್ಲ.

ಯಾಕೆ ನಗ್ತೀರಿ? ನಿಜಾನೇ ಹೇಳ್ತಿರೋದು.

ಓ, ನೆಲ ನೋಡ್ತಿದೀರಾ? ಟೈಲ್ಸ್ ಗಟ್ಟಿ ಇದೆ, ಒಂದೂ ಒಡೆದಿಲ್ಲ... ನೆಲ ಅಲ್ವಾ? ಯಾವುದು? ನನ್ನ ಕಾಲಾ? ಅದೇನಿಲ್ಲ ಬಿಡಿ. ಶೂ ಬಿಗಿ ಆಯ್ತು, ಚಪ್ಪಲಿ ಹಾಕ್ಕೊಂಡೆ. ವಯಸ್ಸಾದ್ರೆ ಕಾಲು ಬೆಳೆಯುತ್ತಂತಲ್ಲ, ಹಾಗೇನೋ ಇರ್ಬೇಕು. ಬೆಳೆಯಲ್ವಾ? ನಿಮಗೆ ಗೊತ್ತಿರುತ್ತೆ, ನೀವು ಓದಿದೀರಿ.

ನನ್ನ ತಮ್ಮನ ಬಗ್ಗೆ ಕೇಳಿದ್ರಲ್ಲ. ಕೇಳ್ಲಿಲ್ವಾ? ಇರ್ಲಿ, ಹೇಳ್ತೀನಿ. ರೂಮು ತಗೊಳೋರಿಗೆ ಗೊತ್ತಿರ್ಬೇಕು.

ಚಿಕ್ಕ ಡಾಕ್ಟ್ರು ಅಂತಿದ್ರು ಎಲ್ಲಾ. ದೊಡ್ಡ ಡಾಕ್ಟ್ರು ಅಂತ ಯಾರೂ ಇರ್ಲಿಲ್ಲ. ಆದ್ರೂ ಇವನು ಚಿಕ್ಕ ಡಾಕ್ಟ್ರೇ. ಮುಖ ಹಾಗಿತ್ತು, ಮೀಸೆ ಬಿಟ್ಟು ನೋಡ್ದ, ಇನ್ನೂ ಚಿಕ್ಕೋನ ಹಾಗೆ ಕಂಡ. ನಮ್ಮಪ್ಪ ಹೋದಾಗ ಇವನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ. ಅಪ್ಪ ಕುರ್ಚಿಯಲ್ಲಿ ಕೂತು ಪೇಪರ್ ಓದ್ತಾ ಓದ್ತಾ ಹೋದ್ರು. ನಮ್ಮ ವಂಶದಲ್ಲಿ ಯಾರೂ ಮಲಗಿ ಸಾಯಲ್ಲ, ಎಲ್ಲಾ ಕೂತಲ್ಲೇ. ನಾನು ಆಗ ಲಾರಿ ಓಡಿಸ್ತಿದ್ದೆ. ನೀನು ಓದೋ, ನಾನು ಓಡಿಸ್ತೀನಿ ಅಂದೆ. ಓದ್ದ. ಬೇರೆ ಯಾವ ಕೆಲಸವೂ ಬರ್ತಿರ್ಲಿಲ್ಲ, ಅದಕ್ಕೇ ಓದ್ದ ಅಂತ ಕಾಣುತ್ತೆ.

ಇಡೀ ಊರಿಗೆ ಡ್ರೈವಿಂಗ್ ಕಲಿಸಿದವನು ನಾನು. ಇವನಿಗೆ ಮಾತ್ರ ಕ್ಲಚ್ ಬಿಡೋಕೆ ಬರ್ಲಿಲ್ಲ ನೋಡಿ! ಹೆಣ ಕೊಯ್ದು ಕಲಿತು ಬಂದವನಿಗೆ ಕ್ಲಚ್ ಕಂಡ್ರೆ ಬೆವರು. ಹಾಗಾಗಿ ಯಾರ ಮನೆಗೆ ಹೋಗಿ ನೋಡ್ಬೇಕಾದ್ರೂ ನಮ್ಮ ಸ್ಕೂಲಿನ ಕಾರೇ ಗತಿ. ನಾನು ಪಾಠದಲ್ಲಿರ್ತಿದ್ದೆ, ಹಿಂದಿನ ಸೀಟಲ್ಲಿ ಇವನು ಬ್ಯಾಗ್ ಹಿಡ್ಕೊಂಡು ಹತ್ತಿ ಕೂತ್ಕೋತಿದ್ದ. ಅರ್ಜೆಂಟ್ ಕೇಸು. ಸ್ಟೀರಿಂಗ್ ಹಿಡಿದಿರೋದು ಮೊನ್ನೆಯಷ್ಟೇ ಸೇರಿದ ಹುಡುಗಿ. ‘ಅಕ್ಕಾ, ಗಾಬರಿ ಬೇಡ, ಆದ್ರೆ ಸ್ವಲ್ಪ ಬೇಗ’ ಅಂತಿದ್ದ ಹಿಂದಿನಿಂದ. ಆ ಹುಡುಗಿ ಅಳ್ತಾ ಗಾಡಿ ಓಡಿಸ್ತಿದ್ಲು. ಕಾರಿನ ತಲೆ ಮೇಲೆ ದೊಡ್ಡದಾಗಿ ‘ಕಲಿಯುವವರು, ದೂರವಿರಿ’ ಅಂತ ಬೋರ್ಡು. ಅದರಿಂದ ಡಾಕ್ಟ್ರು ಇಳಿದು ಬಂದ್ರೆ ಹಾಸಿಗೆ ಹಿಡಿದೋರ ಗತಿ ಏನಾಗ್ಬೇಡ ಹೇಳಿ! ಒಬ್ಬ ತಾತ ಕಿಟಕಿಯಿಂದ ಬೋರ್ಡ್ ನೋಡಿ, ‘ನನಗೀಗ ಪರವಾಗಿಲ್ಲ’ ಅಂತ ಎದ್ದು ಕೂತ್ಬಿಟ್ರು. ಆದ್ರೆ ಹಾಗೆ ಕಲಿತವರೆಲ್ಲಾ ಒಳ್ಳೇ ಡ್ರೈವರ್ ಆದ್ರು. ಅವಸರದಲ್ಲಿ ಕಲಿತಿದ್ದು ಮರೆಯಲ್ಲ.

ಕೆಮ್ಮಾ? ಧೂಳು, ಧೂಳು. ರೂಮ್ ಮುಚ್ಚಿಟ್ಟಿದ್ದು ನೋಡಿ. ಗುಡಿಸಿ ಕೊಡ್ತೀನಿ, ಯೋಚನೆ ಮಾಡ್ಬೇಡಿ. ಮನೇಲೂ ಬರುತ್ತಾ ಅಂದ್ರೆ... ಬರುತ್ತೆ. ಮನೇಲೂ ಧೂಳಿದೆ. ಮಲಗಿದ್ರೆ ಜಾಸ್ತಿ. ಅದಕ್ಕೆ ನಾನು ಮಲಗೋದೇ ಬಿಟ್ಟಿದೀನಿ, ಕುರ್ಚಿಯಲ್ಲೇ ಒರಗಿ ನಿದ್ದೆ ಮಾಡ್ತೀನಿ. ಆರಾಮಾಗಿರುತ್ತೆ. ಹೆಂಡತಿ ಗೊರಕೆನೂ ಕೇಳ್ಸಲ್ಲ.

ಎಲ್ಲಿದ್ದೆ? ಹಾಂ. ದುಡ್ಡಿನ ವಿಷಯಕ್ಕೆ ಅವನ ಹತ್ರ ಹೋಗ್ಬಾರ್ದಿತ್ತು, ಫೀಸ್ ತಗೊಳೋದೇ ಮರೀತಿದ್ದ. ಮದುವೆನೂ ಮರೆತ. ‘ಯಾವಾಗೋ?’ ಅಂತ ನನ್ನ ಹೆಂಡತಿ ಕೇಳಿದ್ರೆ, ‘ಅತ್ತಿಗೆ, ಹೊರಗೆ ಇನ್ನೂ ಜನ ಕೂತಿದಾರೆ’ ಅಂತಿದ್ದ. ಯಾವಾಗ ಕೇಳಿದ್ರೂ ಹೊರಗೆ ಜನ ಕೂತಿರ್ತಿದ್ರು. ಅವನಿಗೆ ಇನ್ನೊಂದು ಕೆಟ್ಟ ಚಾಳಿ. ಪೇಷಂಟ್ ಮಾತಾಡ್ತಿದ್ರೆ, ಇವನ ಕಣ್ಣು ಜೊತೆಗೆ ಬಂದವರ ಮೇಲೆ. ಒಬ್ಬ ತನ್ನ ಹೆಂಡತಿಗೆ ಜ್ವರ ಅಂತ ಕರ್ಕೊಂಡು ಬಂದ. ಹೆಂಡತಿಗೆ ಮಾತ್ರೆ ಕೊಟ್ಟು ಕಳಿಸ್ದ, ಗಂಡನಿಗೆ ಸಕ್ಕರೆ ಕಾಯಿಲೆ ಅಂತ ಹೇಳಿ ಕೂರಿಸ್ದ. ಆಮೇಲೆ ಊರಲ್ಲಿ ಯಾರೂ ಯಾರ ಜೊತೆಗೂ ಇವನ ಹತ್ರ ಬರ್ತಿರ್ಲಿಲ್ಲ. ಕಾಲು ಮುರಿದವರೂ ಒಬ್ಬೊಬ್ಬರೇ ಕುಂಟ್ತಾ ಬರೋರು!

ನಾನಾ? ನಾನು ಯಾಕೆ ತೋರಿಸ್ಕೊಳ್ಳಲಿ? ಅವನಿಗೆ ಮೂಗು ಒರೆಸಿದವನು ನಾನು. ಊರವರ ಎದೆಗೆಲ್ಲಾ ಆ ರಬ್ಬರ್ ಟ್ಯೂಬ್ ಇಟ್ಟ, ನನ್ನ ಹತ್ರ ಮಾತ್ರ ಅವನ ಆಟ ನಡೀಲಿಲ್ಲ. ‘ಬಾರಣ್ಣ, ಒಂದೇ ನಿಮಿಷ’ ಅಂತ ಬರ್ತಿದ್ದ. ‘ಹೋಗಲೋ, ನೀನು ಮೊದಲು ಗೇರ್ ಹಾಕೋದು ಕಲಿ’ ಅಂತಿದ್ದೆ. ಒಂದೇ ಒಂದು ದಿನವೂ ಇಡಿಸ್ಕೊಳ್ಲಿಲ್ಲ.

ಹೋದದ್ದಾ? ಇಲ್ಲೇ. ಅಲ್ಲಿ, ಆ ಮೇಜಿನ ಹಿಂದೆ. ಮೂವತ್ತಾರು ವಯಸ್ಸು. ಒಬ್ಬರನ್ನ ನೋಡಿ ಕಳಿಸಿದಾನೆ, ಮುಂದಿನವರನ್ನ ಕರೆದಿಲ್ಲ. ಹೊರಗೆ ಒಬ್ಬ ಅಜ್ಜಿ ಕೂತಿದ್ರು, ಮಂಡಿನೋವು. ಕಾದ್ರು, ಕಾದ್ರು. ಕೊನೆಗೆ ಸಿಟ್ಟು ಬಂದು ತಾವೇ ಬಾಗಿಲು ತಳ್ಳಿ ಒಳಗೆ ಬಂದ್ರು. ಇವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಾನೆ. ‘ಏನಪ್ಪಾ ಇದು, ನಾವು ಹೊರಗೆ ನೋವು ತಿಂತಾ ಕೂತಿದ್ರೆ ನೀನು ನಿದ್ದೆ ಮಾಡ್ತೀಯಾ?’ ಅಂತ ಶುರು ಹಚ್ಕೊಂಡ್ರು. ನನಗೆ ಕೆಳಗೆ ಕೇಳಿಸ್ತಿತ್ತು. ಚೆನ್ನಾಗೇ ಬೈತಿದ್ರು. ನಾನು ನಗ್ತಾ ಕೂತಿದ್ದೆ, ಬೈಸ್ಕೊಳ್ಲಿ ಮಗ ಅಂತ. ಆಮೇಲೆ ಬೈಗುಳ ನಿಂತುಹೋಯ್ತು.

ಅದು ನಿಂತಾಗ ಎದ್ದು ಬಂದೆ. ಅಜ್ಜಿ ಅವನ ತಲೆ ನೇವರಿಸ್ತಾ ನಿಂತಿದ್ರು. ಈಗಲೂ ರಸ್ತೆಯಲ್ಲಿ ಸಿಕ್ಕಿದ್ರೆ ‘ನಾನು ಬೈಬಾರ್ದಿತ್ತು ಕಣಪ್ಪಾ’ ಅಂತ ಕೈ ಹಿಡ್ಕೋತಾರೆ. ‘ಇಲ್ಲಜ್ಜಿ, ಅವನಿಗೆ ಕೇಳ್ಸಿರಲ್ಲ’ ಅಂತೀನಿ. ಸಮಾಧಾನ ಮಾಡೋಕೆ ನನಗೆ ಬರಲ್ಲ.

ತುಂಬಾ ನೆನಪಾಗ್ತಾನೆ. ಅಷ್ಟೇ. ಹೇಳಾಯ್ತು, ಮುಗೀತು. ಬನ್ನಿ, ಕಿಟಕಿ ತೋರಿಸ್ತೀನಿ... ನೀವೇ ಹೋಗಿ ನೋಡಿ, ನಾನು ಏಳಲ್ಲ ಈಗ. ಗಾಳಿ ಚೆನ್ನಾಗಿ ಬರುತ್ತೆ. ಎದುರಿಗೆ ಬಸ್ ಸ್ಟಾಪು. ಪೇಷಂಟುಗಳು ಇಳಿದು ನೇರ ಬರ್ಬಹುದು.

ಹೋಗ್ಲಿಲ್ವಲ್ಲ ನೀವು? ಏನು ನೋಡ್ತಿದೀರಿ? ನನ್ನ ಹಿಂದೆ ಗೋಡೇಲಿ ಏನೂ ಇಲ್ಲ. ಕ್ಯಾಲೆಂಡರ್ ಇತ್ತು, ತೆಗೆದೆ. ಗೋಡೆ ಅಲ್ಲ... ಕುತ್ತಿಗೆಯಾ? ಕುತ್ತಿಗೇಲಿ ಏನಿದೆ? ನರ ಉಬ್ಬಿದ್ಯಾ? ಕೂಗಿ ಕೂಗಿ ಉಬ್ಬಿರುತ್ತೆ ಡಾಕ್ಟ್ರೇ. ‘ಬ್ರೇಕ್! ಬ್ರೇಕ್!’ ಅಂತ ಎಷ್ಟು ವರ್ಷ ಕೂಗಿದೀನಿ ಗೊತ್ತಾ? ಈಗ ಪಾಠ ಮಾಡ್ತಿಲ್ಲ, ನಿಜ. ಕೆಲಸಕ್ಕೊಬ್ಬನನ್ನ ಇಟ್ಕೊಂಡಿದೀನಿ. ಕಾರಿಗೆ ಹತ್ತಿ ಇಳಿಯೋದು ಬೇಜಾರು. ಬೇಜಾರು ಅಂದ್ರೆ ಬೇಜಾರೇ, ಸುಸ್ತಲ್ಲ.

ನೋಡಿ, ನೀವು ಬಂದಿರೋದು ರೂಮ್ ನೋಡೋಕೆ. ರೂಮ್ ಹೇಗಿದೆ ಹೇಳಿ. ತಗೋತೀರಾ, ಇಲ್ವಾ? ಆ ಜಿಮ್ಮಿನವನು ಬರೋದ್ರೊಳಗೆ ನಾನು ಹೆಂಡತಿಗೆ ಉತ್ತರ ಕೊಡ್ಬೇಕು.

ಏನಾದ್ರೂ ಅನ್ನಿ.

ಡಾಕ್ಟ್ರೇ? ಅದ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರಿ? ಇಷ್ಟೊತ್ತು ನಗ್ತಿದ್ರಲ್ಲ, ಪ್ರಶ್ನೆ ಕೇಳ್ತಿದ್ರಲ್ಲ. ಹೀಗೆ ನಿಲ್ಬೇಡಿ. ಹೀಗೆ ಮಾತ್ರ ನಿಲ್ಬೇಡಿ ತಾಯಿ. ಈ ಸುಮ್ಮನಿರೋದು ನನಗೆ ಗೊತ್ತು.

ಆಯ್ತು. ಸುಳ್ಳು ಹೇಳ್ದೆ. ಒಂದು ದಿನ ಇಡಿಸ್ಕೊಂಡಿದ್ದೆ.

ಅವನು ಹೋಗೋ ಹಿಂದಿನ ದಿನ. ಪೇಷಂಟೆಲ್ಲಾ ಹೋಗಿದ್ರು, ಇಬ್ಬರೂ ಚಹಾ ಕುಡೀತಾ ಕೂತಿದ್ವಿ. ನಾನೇ ಕೇಳ್ದೆ. ‘ಲೇ, ಎದೇಲಿ ಏನೋ ಒಂಥರಾ ಆಗುತ್ತೆ, ನೋಡೋ’ ಅಂತ. ಅವನಿಗೆ ಎಷ್ಟು ಖುಷಿ ಆಯ್ತು ಅಂತೀರಿ! ‘ಕೊನೆಗೂ ಸಿಕ್ಕಿಬಿದ್ದೆಯಲ್ಲೋ ಅಣ್ಣ’ ಅಂತ ನಗ್ತಾ ನಗ್ತಾ ಟ್ಯೂಬ್ ಕಿವಿಗೆ ಹಾಕ್ಕೊಂಡ. ಎದೆಗೆ ಇಟ್ಟ. ನಗು ಹೋಯ್ತು. ಆಮೇಲೆ ಸುಮ್ಮನಾದ. ನಿಮ್ಮ ಹಾಗೇ, ಹೀಗೇ. ‘ಏನೋ?’ ಅಂದೆ. ‘ನಾಳೆ ಹೇಳ್ತೀನಣ್ಣ’ ಅಂದ. ಮಾರನೇ ದಿನ ಮಧ್ಯಾಹ್ನ ಅಜ್ಜಿ ಬೈತಿದ್ರು.

ಹೆಂಡತಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಬೇರೆ ಡಾಕ್ಟ್ರ ಹತ್ರ ಹೋಗ್ಬಹುದಿತ್ತು, ಬಸ್ ಹತ್ತಿದ್ರೆ ದೊಡ್ಡ ಆಸ್ಪತ್ರೆ. ಎರಡು ಸಲ ಅದರ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ಏನು ಅನ್ಕೊಂಡೆ ಅಂದ್ರೆ... ಅವನು ನನಗೆ ಹೇಳ್ಬೇಕಾದ ಮಾತೊಂದು ಬಾಕಿ ಇದೆ. ಅದನ್ನ ಬೇರೆ ಯಾರೋ ಹೇಳಿ ಮುಗಿಸಿಬಿಟ್ರೆ ಆಮೇಲೆ ನನಗೂ ಅವನಿಗೂ ನಡುವೆ ಏನೂ ಉಳಿಯಲ್ಲ ಅಂತ. ಚೆನ್ನಾಗಿದೆ ಅಲ್ವಾ ಕೇಳೋಕೆ? ಅದೂ ಪೂರ್ತಿ ನಿಜ ಅಲ್ಲ. ಭಯ. ಭಯ ಆಗುತ್ತೆ ಕಣಮ್ಮಾ. ಐವತ್ತು ದಾಟಿದವನು, ಲಾರಿ ಓಡಿಸಿದವನು, ಗೇಟಿನ ಹತ್ರ ಬಂದ್ರೆ ಸಿಕ್ಕಿದ ಬಸ್ಸಿಗೆ ವಾಪಸ್ ಹತ್ತಿಬಿಡ್ತೀನಿ.

ಅದಕ್ಕೇ ಹಾಗೆ ಬರೆಸ್ದೆ. ಡಾಕ್ಟರಿಗೆ ಮಾತ್ರ ಅಂತ. ನಾನು ಹೋಗೋಕಾಗಲ್ಲ, ಒಬ್ಬರಾದ್ರೂ ಬರ್ಲಿ. ಬಂದೋರು ಈ ಕುರ್ಚಿ ಕಡೆ ತಿರುಗಿ ನೋಡ್ಲಿ ಅಂತ. ಎಲ್ಲಾ ಗೋಡೆ ನೋಡಿ ಹೋದ್ರು.

ಅದ್ಯಾಕೆ ಬ್ಯಾಗ್ ತೆಗೀತಿದೀರಿ? ಹೊರಟ್ರಾ? ಓ... ಅದಾ. ಬೇಡ. ಇವತ್ತು ಬೇಡ ಡಾಕ್ಟ್ರೇ. ಕೆಳಗೆ ಕೆಲಸ ಇದೆ ನನಗೆ.

ಗುಂಡಿ ಬಿಚ್ಬೇಕಾ? ಎರಡು ಸಾಕಾ?

ಉಸಿರು... ಎಳ್ಕೊಂಡೆ. ಬಿಟ್ಟೆ. ಇನ್ನೊಂದ್ಸಲ? ಇದಕ್ಕಿಂತ ಜೋರಾಗಿ ಬರಲ್ಲ. ಬೆನ್ನು ಕಡೆಯಿಂದಾನೂ ನೋಡ್ತೀರಾ? ನೋಡಿ.

ಎಷ್ಟೊತ್ತು ಕೇಳ್ತೀರಿ?

ಡಾಕ್ಟ್ರೇ. ಏನು ಬೇಕಾದ್ರೂ ಅನ್ನಿ, ನಾನು ತಡ್ಕೋತೀನಿ. ನಾಳೆ ಹೇಳ್ತೀನಿ ಅಂತ ಮಾತ್ರ ಅನ್ಬೇಡಿ.